ಮೊಡವೆಗೆ ಮೂರು ತಿಂಗಳು: ಮುಖ ತೊಳೆಯುವುದರಿಂದ ಡಾಕ್ಟರ್ ಚೀಟಿಯವರೆಗೆ

ಮೊಡವೆ ಹತೋಟಿಗೆ ಬರಲು ಸುಮಾರು 12 ವಾರ ಬೇಕು. ಇದನ್ನ ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಬಳ್ಳಾರಿಯಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಹದಿನಾಲ್ಕು ವರ್ಷ ಆಯ್ತು. ಮದುವೆ ಸೀಸನ್ ಬಂತೆಂದರೆ ಯಾರಾದರೊಬ್ಬರು ಬಂದು ನಿಂತೇ ನಿಲ್ಲುತ್ತಾರೆ. "ಅಕ್ಕಾ, ಇನ್ನ ಹದಿನೈದು ದಿನಕ್ಕ ಲಗ್ನ ಐತ್ರಿ. ಈ ಗುಳ್ಳಿ ಹೋಗಬೇಕು ನೋಡ್ರಿ, ಏನರ ಕೊಡ್ರಿ." ಹದಿನೈದು ದಿನದಲ್ಲಿ ಗುಳ್ಳೆ ಮಾಯ ಮಾಡುವ ಟ್ಯೂಬ್ ಇಲ್ಲವೆಂದಲ್ಲ, ಇದೆ. ನಾಲ್ಕೇ ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದನ್ನು ನನ್ನ ತಂಗಿಯ ಮುಖದಲ್ಲೇ ನೋಡಿದ್ದೇನೆ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಮೊಡವೆ ಅಂದರೆ ಏನು, ನೋಡೋಣ.

ಚರ್ಮದ ಒಳಗೆ ನಡೆಯುವುದು

ನಮ್ಮ ಕಡೆ ಕಾಲುವೆ ನೀರು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮುಖದ ಪ್ರತಿ ಸಣ್ಣ ಕೂದಲಿನ ಬುಡದಲ್ಲೂ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಅದರ ಎಣ್ಣೆ ರಂಧ್ರದ ಮೂಲಕ ಹೊರಗೆ ಹರಿದು ಚರ್ಮವನ್ನು ಮೆತ್ತಗೆ ಇಡುತ್ತದೆ. ಹರೆಯಕ್ಕೆ ಬಂದಾಗ ಆಂಡ್ರೋಜನ್ ಎಂಬ ಹಾರ್ಮೋನ್ ಹೆಚ್ಚಾಗುತ್ತದೆ. ಹುಡುಗರಲ್ಲಿ ಜಾಸ್ತಿ, ಹುಡುಗಿಯರಲ್ಲೂ ಸ್ವಲ್ಪ. ಅದರಿಂದ ಎಣ್ಣೆ ಜಾಸ್ತಿ ಬರುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯಿಂದ ಉದುರಬೇಕಾದ ಸತ್ತ ಚರ್ಮ ಉದುರದೆ ಅಂಟಿಕೊಳ್ಳುತ್ತದೆ. ಎಣ್ಣೆ, ಸತ್ತ ಚರ್ಮ ಎರಡೂ ಸೇರಿ, ತೂಬಿಗೆ ಹೂಳು ಕಟ್ಟಿಕೊಂಡ ಹಾಗೆ ಬಾಯಿ ಕಟ್ಟಿಕೊಳ್ಳುತ್ತದೆ.

ಕಟ್ಟಿದ ಜಾಗದ ಹಿಂದೆ ನಿಂತ ಎಣ್ಣೆಯಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಹೊರಗಿನಿಂದ ಅಂಟಿದ ರೋಗ ಅಲ್ಲ, ಎಲ್ಲರ ಚರ್ಮದ ಮೇಲೂ ಇರುವಂಥದ್ದೇ. ಅದು ಹೆಚ್ಚಾದಾಗ ಮೈ ಅದರ ಮೇಲೆ ಕಾದಾಟಕ್ಕಿಳಿಯುತ್ತದೆ. ಆಗ ಕೆಂಪಾಗುತ್ತದೆ, ನೋಯುತ್ತದೆ, ಕೀವು ತುಂಬುತ್ತದೆ.

ಈ ಹೂಳು ಕಟ್ಟುವ ಕೆಲಸ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಇವತ್ತು ಕೆನ್ನೆ ಮೇಲೆ ಎದ್ದಿರುವ ಗುಳ್ಳೆ ಕಣ್ಣಿಗೆ ಕಾಣದ ಹಾಗೆ ಶುರುವಾಗಿ ಎಷ್ಟೋ ವಾರ ಆಗಿರುತ್ತದೆ. ಅದರ ಪಕ್ಕದಲ್ಲೇ ಮುಂದಿನ ತಿಂಗಳ ಗುಳ್ಳೆಗಳು ಈಗಾಗಲೇ ತಯಾರಾಗುತ್ತಿರುತ್ತವೆ. ಅದಕ್ಕೇ ಎದ್ದ ಗುಳ್ಳೆಯ ತುದಿಗೆ ಮಾತ್ರ ಔಷಧಿ ಮುಟ್ಟಿಸಿ ಸುಮ್ಮನಾದರೆ ಮೊಡವೆ ನಿಲ್ಲುವುದೇ ಇಲ್ಲ. ಗುಳ್ಳೆ ಬರುವ ಇಡೀ ಜಾಗಕ್ಕೆ, ಗುಳ್ಳೆ ಇಲ್ಲದ ದಿನವೂ ಹಚ್ಚಬೇಕು.

ಮೈ ಉಷ್ಣ ಆಗಿ ಗುಳ್ಳೆ ಎದ್ದಿವೆ ಅನ್ನುವವರಿದ್ದಾರೆ. ಮುಖ ಸರಿಯಾಗಿ ತೊಳೆಯುವುದಿಲ್ಲ ಎಂದು ಮಕ್ಕಳನ್ನು ಬೈಯುವವರೂ ಇದ್ದಾರೆ. ಎರಡೂ ತಪ್ಪು. ಮೂಗಿನ ಮೇಲಿನ ಕಪ್ಪು ಚುಕ್ಕೆಯಂತೂ ಕೊಳೆ ಅಲ್ಲವೇ ಅಲ್ಲ. ರಂಧ್ರದ ಬಾಯಿ ತೆರೆದಿದ್ದು, ಒಳಗಿನ ವಸ್ತುವಿಗೆ ಗಾಳಿ ತಾಗಿ ಕಪ್ಪಾಗಿರುತ್ತದೆ, ಅಷ್ಟೇ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಹೆಜ್ಜೆ 1: ನಿಮ್ಮದು ಯಾವ ಬಗೆ, ನೋಡಿಕೊಳ್ಳಿ

ಬೆಳಗ್ಗೆ ಕಿಟಕಿ ಬೆಳಕಿಗೆ ಕನ್ನಡಿ ಹಿಡಿದು ಕೂರಿ. ಕೆನ್ನೆಯ ಚರ್ಮವನ್ನು ಬೆರಳಿನಿಂದ ಸ್ವಲ್ಪ ಎಳೆದು ನೋಡಿ. ಚರ್ಮದ ಕೆಳಗೆ ರವೆ ಕಾಳು ಸಿಕ್ಕಿಕೊಂಡ ಹಾಗೆ ಸಣ್ಣ ಸಣ್ಣ ಉಬ್ಬು ಕಂಡರೆ ಅವು ಬಾಯಿ ಮುಚ್ಚಿದ ಬಿಳಿ ಮೊಡವೆ. ನೋವಿರುವುದಿಲ್ಲ. ಕಪ್ಪು ಚುಕ್ಕೆಗಳೂ ಇದೇ ಗುಂಪು. ಕೆಂಪಾಗಿ ಮುಟ್ಟಿದರೆ ನೋಯುವಂಥವು, ತುದಿಯಲ್ಲಿ ಹಳದಿ ಕೀವು ಇರುವಂಥವು ಎರಡನೇ ಗುಂಪು. ಗಲ್ಲದಲ್ಲೋ ದವಡೆಯಲ್ಲೋ ಆಳದಲ್ಲಿ ಗಂಟು ಕಟ್ಟಿ, ವಾರಗಟ್ಟಲೆ ನೋಯುವಂಥವು ಮೂರನೇ ಗುಂಪು. ಮೂರನೇ ಗುಂಪಿನವರು ಮನೆಯಲ್ಲಿ ಪ್ರಯೋಗ ಮಾಡುತ್ತಾ ದಿನ ಕಳೆಯಬೇಡಿ. ಈ ಗಂಟುಗಳು ಗುಳಿ ಬಿಟ್ಟು ಹೋಗುತ್ತವೆ, ಆ ಗುಳಿ ಯಾವ ಕ್ರೀಮಿಗೂ ತುಂಬುವುದಿಲ್ಲ. ಸೀದಾ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಮೊಡವೆ ಅಲ್ಲದ ಕೆಲವು ಗುಳ್ಳೆಗಳೂ ಇವೆ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ತುಂಬಾ ತುರಿಸುತ್ತಿದ್ದರೆ ಅದು ಫಂಗಸ್‌ನಿಂದ ಬಂದಿರಬಹುದು. ಬೆವರು ಕಾಲದಲ್ಲಿ ಇದು ಜಾಸ್ತಿ. ಅದಕ್ಕೆ ಮೊಡವೆ ಔಷಧಿ ಹಚ್ಚಿದರೆ ಗುಣವಾಗುವುದಿಲ್ಲ. ತಲೆಗೆ ಎಣ್ಣೆ ಸುರಿದುಕೊಳ್ಳುವವರಿಗೆ ಹಣೆಯ ಅಂಚಿಗೆ, ಕೂದಲು ಶುರುವಾಗುವಲ್ಲಿ ಸಾಲಾಗಿ ಮೊಡವೆ ಬರುತ್ತವೆ. ಎಣ್ಣೆ ಹಚ್ಚುವುದನ್ನು ತಲೆಸ್ನಾನದ ಹಿಂದಿನ ಒಂದು ಗಂಟೆಗೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಹಾಗೆಯೇ ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಸ್ಟೀರಾಯ್ಡ್ ಮಾತ್ರೆ, ಬಿ12 ಇಂಜೆಕ್ಷನ್ ಇವುಗಳಿಂದಲೂ ಮೊಡವೆಯಂಥ ಗುಳ್ಳೆ ಏಳಬಹುದು. ಹಾಗಂತ ಆ ಔಷಧಿಗಳನ್ನು ನೀವೇ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರಿಗೆ ಹೇಳಿ.

ಹೆಜ್ಜೆ 2: ಹಚ್ಚುತ್ತಿರುವ ಟ್ಯೂಬನ್ನು ತಿರುಗಿಸಿ ಓದಿ

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ನನ್ನ ತಂಗಿ ಸಿಂಧನೂರಿಗೆ ಮದುವೆಯಾಗಿ ಹೋದವಳು. ಅಲ್ಲಿ ಕೆನ್ನೆ ಮೇಲೆ ಮೊಡವೆ ಎದ್ದಾಗ ಪಕ್ಕದ ಮನೆಯವರು ಹಚ್ಚುತ್ತಿದ್ದ ಟ್ಯೂಬನ್ನೇ ಅಂಗಡಿಯಲ್ಲಿ ಕೇಳಿ ತಂದುಕೊಂಡಳು. ಚೀಟಿ ಯಾರೂ ಕೇಳಲಿಲ್ಲ. ವಾರದಲ್ಲಿ ಮುಖ ಫಳಫಳ. ನನಗೆ ಹೇಳಿದರೆ ಬೈಯುತ್ತೇನೆಂದು ಐದು ತಿಂಗಳು ಹೇಳಲೇ ಇಲ್ಲ. ನಾಗರಪಂಚಮಿಗೆ ತವರಿಗೆ ಬಂದಾಗ ಗೊತ್ತಾಯಿತು. ರೊಟ್ಟಿ ಬಡಿಯಲು ಕೂತವಳು ಒಲೆಯ ಝಳ ತಾಗಿದ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದುಬಿಟ್ಟಳು. "ಯಕ್ಕಾ, ಉರಿ ತಡಕೊಳ್ಳಾಕ ಆಗವಲ್ದು" ಅಂದಳು. ಹತ್ತಿರ ಕರೆದು ನೋಡಿದರೆ ಕೆನ್ನೆ ತುಂಬಾ ದಾರದಂಥ ಕೆಂಪು ನರ, ಗಲ್ಲದ ಮೇಲೆ ಹೊಸ ಕೂದಲು, ಮೊದಲಿಗಿಂತ ಹೆಚ್ಚು ಗುಳ್ಳೆ. ಬ್ಯಾಗಿನಿಂದ ಟ್ಯೂಬ್ ತೆಗೆದು ಕೊಟ್ಟಳು. ಬಾಲದಿಂದ ಸುತ್ತಿ ಸುತ್ತಿ ಕೊನೆಯ ಹನಿವರೆಗೂ ಹಿಂಡಿದ್ದಳು. ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಮೂರನೆಯದು ಸ್ಟೀರಾಯ್ಡ್. ಅದು ಕೆಂಪು, ಊತವನ್ನು ತಕ್ಷಣ ಅಡಗಿಸುತ್ತದೆ, ಅದಕ್ಕೇ ನಾಲ್ಕು ದಿನದ ಪವಾಡ. ಆದರೆ ಮೊಡವೆಯ ಬೇರಿಗೆ ಏನೂ ಮಾಡುವುದಿಲ್ಲ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಬಿಸಿಲು, ಬಿಸಿ ಎರಡೂ ತಡೆಯುವುದಿಲ್ಲ. ಬಿಟ್ಟರೆ ಎರಡು ಪಟ್ಟು ಉರಿದು ಏಳುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ತಂಗಿಯ ಮುಖ ಸುಧಾರಿಸಲು ಎಂಟು ತಿಂಗಳು ಹಿಡಿಯಿತು.

ನಿಮ್ಮ ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ಮೊಡವೆ ಔಷಧಿ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14 ಬಗೆಯವನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಹಾಕಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮಾರುವವರಿದ್ದಾರೆ, ಕೇಳಿ ಒಯ್ಯುವವರೂ ಇದ್ದಾರೆ. ನನ್ನ ಕಸುಬಿನವರ ಮೇಲೆ ನನಗಿರುವ ದೊಡ್ಡ ಸಿಟ್ಟು ಇದೇ. ಹೆಸರು, ಕಂಪನಿ, ಪದಾರ್ಥ ಏನೂ ಅಚ್ಚಾಗಿರದ ಡಬ್ಬಿಯ ಬೆಳ್ಳಗಾಗುವ ಕ್ರೀಮ್ ಇದ್ದರೆ ಇನ್ನೂ ಅಪಾಯ, ಮುಟ್ಟಲೇಬೇಡಿ. ತಿಂಗಳುಗಟ್ಟಲೆ ಹಚ್ಚಿದ್ದೀರಿ ಅಂದರೆ ಡಾಕ್ಟರಿಗೆ ತೋರಿಸಿಯೇ ಬಿಡಿಸಿಕೊಳ್ಳಿ. ಉರಿ ಕಡಿಮೆ ಮಾಡಲು ಅವರ ಹತ್ತಿರ ಬೇರೆ ದಾರಿ ಇದೆ.

ಟೂತ್‌ಪೇಸ್ಟ್, ನಿಂಬೆರಸ, ಅಡುಗೆ ಸೋಡಾ ಇವನ್ನೂ ಬಿಡಿ. ಚರ್ಮ ಸುಡುತ್ತವೆ, ಸುಟ್ಟ ಜಾಗ ಕಪ್ಪಾಗಿ ಉಳಿಯುತ್ತದೆ. ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ. ಅರಿಶಿನ ಹಚ್ಚಿದರೆ ದೊಡ್ಡ ಹಾನಿಯೇನಿಲ್ಲ, ಆದರೆ ಅದರ ಮೇಲೆ ಭರವಸೆ ಇಟ್ಟು ಔಷಧಿ ತಡ ಮಾಡಬೇಡಿ.

ಹೆಜ್ಜೆ 3: ತೊಳೆಯುವುದು

ದಿನಕ್ಕೆ ಎರಡು ಸಲ ಸಾಕು. ಸ್ನಾನದ ಸೋಪು ಕ್ಷಾರ, ಅದರ ಪಿಎಚ್ (ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ) 9-10ರ ಸುಮಾರು. ಚರ್ಮದ್ದು 5.5ರ ಆಸುಪಾಸು. ಅದರ ಮೇಲೆ ನಮ್ಮೂರುಗಳ ಬೋರ್ ನೀರು ಗಡಸು. ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ವಾ, ಆ ನೀರಿನಲ್ಲಿ ಸೋಪು ಪೂರ್ತಿ ಹೋಗದೆ ಮುಖದ ಮೇಲೂ ತೆಳ್ಳಗೆ ಉಳಿದುಬಿಡುತ್ತದೆ. ಅದಕ್ಕೆ ಸೋಪು ಬಿಟ್ಟು ನೊರೆ ಕಡಿಮೆ ಇರುವ ಸೌಮ್ಯ ಫೇಸ್‌ವಾಶ್ ಹಿಡಿಯಿರಿ. ಜಿಡ್ಡಿನ ಮುಖದವರು ಬೇಕಿದ್ದರೆ ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ತೆಗೆದುಕೊಳ್ಳಿ, ಆದರೆ ತೊಳೆದು ಹೋಗುವ ವಸ್ತುವಿನಿಂದ ಹೆಚ್ಚು ನಿರೀಕ್ಷೆ ಬೇಡ. ಕಡಲೆಹಿಟ್ಟು ಹಾಕಿ ತಿಕ್ಕುವುದು, ಸ್ಕ್ರಬ್ ಮಾಡುವುದು ಬೇಡ. ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ, ನೀರು ಹಾಕಿ, ಟವೆಲಿನಿಂದ ಒತ್ತಿಕೊಳ್ಳಿ.

ಮಧ್ಯಾಹ್ನ ಜೀನ್ಸ್ ಹೊಲಿಯುವ ಘಟಕದಿಂದಲೋ ರೈಸ್ ಮಿಲ್ಲಿನಿಂದಲೋ ಬೆವರಿ, ಧೂಳು ಮೆತ್ತಿಕೊಂಡು ಬಂದವರು ಬರೀ ನೀರಿನಲ್ಲಿ ತೊಳೆದುಕೊಳ್ಳಿ. ಸಂಡೂರು ರಸ್ತೆಯ ಕೆಂಪು ಧೂಳಿಗೆ ಹೆದರಿ ಹುಡುಗಿಯರು ಸ್ಕೂಟಿ ಮೇಲೆ ದುಪಟ್ಟಾ ಬಿಗಿಯಾಗಿ ಕಟ್ಟಿಕೊಂಡು ಹೋಗುತ್ತಾರೆ. ಕಟ್ಟಿಕೊಳ್ಳಿ, ಬಿಸಿಲಿಗೂ ಒಳ್ಳೆಯದು. ಆದರೆ ನಿನ್ನೆಯ ಬೆವರು ಹೀರಿದ ಬಟ್ಟೆ ಇವತ್ತು ಮತ್ತೆ ಕೆನ್ನೆಗೆ ಉಜ್ಜಿದರೆ ಅದೇ ಜಾಗದಲ್ಲಿ ಮೊಡವೆ ಕೆರಳುತ್ತವೆ. ಮೂರ್ನಾಲ್ಕು ಹತ್ತಿ ಬಟ್ಟೆ ಇಟ್ಟುಕೊಂಡು ದಿನಾ ಬದಲಿಸಿ. ಹೆಲ್ಮೆಟ್ ಪಟ್ಟಿಗೂ ಇದೇ ಮಾತು.

ಹೆಜ್ಜೆ 4: ಹಚ್ಚುವ ಔಷಧಿ

ಎರಡು ಹೆಸರು ನೆನಪಿಡಿ: ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್. ಮೊದಲನೆಯದು ಹೂಳು ಕಟ್ಟದಂತೆ ನೋಡಿಕೊಳ್ಳುತ್ತದೆ. ಎರಡನೆಯದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಶುರು ಮಾಡುವ ಮುಂಚೆ ಒಮ್ಮೆ ಡಾಕ್ಟರಿಗೆ ಮುಖ ತೋರಿಸಿ ಚೀಟಿ ಬರೆಸಿಕೊಳ್ಳಿ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್ ಹಚ್ಚಬಾರದು. ಅವರಿಗೆ ಅಜಿಲಾಯಿಕ್ ಆಸಿಡ್‌ನಂಥ ಬೇರೆ ಔಷಧಿ ಕೊಡುತ್ತಾರೆ.

ಅಡಾಪಲೀನ್ 0.1% ಜೆಲ್ ರಾತ್ರಿಗೆ. ಹಚ್ಚುವ ರೀತಿಯಲ್ಲೇ ಹೆಚ್ಚಿನವರು ಸೋಲುತ್ತಾರೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಮುಖ ತೊಳೆದು ಹದಿನೈದು ನಿಮಿಷ ಬಿಡಿ, ಪೂರ್ತಿ ಒಣಗಲಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಬೆರಳ ತುದಿಗೆ ಒಂದು ಬಟಾಣಿ ಕಾಳಿನಷ್ಟು ತೆಗೆದುಕೊಳ್ಳಿ. ಇಡೀ ಮುಖಕ್ಕೆ ಅಷ್ಟೇ. ಹಣೆಗೆ ಒಂದು ಬೊಟ್ಟು, ಎರಡು ಕೆನ್ನೆಗೆ ಒಂದೊಂದು, ಮೂಗಿಗೆ ಒಂದು, ಗಲ್ಲಕ್ಕೆ ಒಂದು ಇಟ್ಟು ತೆಳ್ಳಗೆ ಹರಡಿ. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿಯ ಮೂಲೆ ಬಿಡಿ, ಅಲ್ಲಿ ಬೇಗ ಸಿಪ್ಪೆ ಏಳುತ್ತದೆ. ಮೇಲೆ ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ಔಷಧಿ ಚರ್ಮ ಒಣಗಿಸುತ್ತದೆ. ಒಣಗಿ ಉರಿದರೆ ನೀವು ಔಷಧಿ ಬಿಟ್ಟುಬಿಡುತ್ತೀರಿ, ಅದಕ್ಕೆ. ಮೊದಲ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ತಡೆದುಕೊಂಡರೆ ಆಮೇಲೆ ದಿನಾ ರಾತ್ರಿ.

ಕೆಂಪು, ಕೀವಿನ ಮೊಡವೆಯೂ ಇದ್ದರೆ ಬೆಳಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್. ಹೆಚ್ಚು ಅಂಶದ್ದು ಹೆಚ್ಚು ಒಳ್ಳೆಯದು ಅಂದುಕೊಳ್ಳಬೇಡಿ. 2.5%ರ ಗುಣ ಹತ್ತಿರಹತ್ತಿರ 10%ರಷ್ಟೇ, ಉರಿ ಮಾತ್ರ ಕಡಿಮೆ. ಒಂದು ಎಚ್ಚರಿಕೆ: ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ನಮ್ಮ ವಾಶಿಂಗ್ ಘಟಕದಲ್ಲಿ ಜೀನ್ಸ್ ಬೆಳ್ಳಗೆ ಮಾಡುತ್ತಾರಲ್ಲ, ಹಾಗೆ ದಿಂಬಿನ ಕವರ್, ಟವೆಲ್, ಕುಪ್ಪಸದ ಕೊರಳಲ್ಲಿ ಬಿಳಿ ಮಚ್ಚೆ ಬೀಳುತ್ತವೆ. ಬಿಳಿ ಟವೆಲ್ ಇಟ್ಟುಕೊಳ್ಳಿ. ಬೆನ್ನಿನ ಮೊಡವೆಗೆ ಇದರದ್ದೇ ವಾಶ್ ಸಿಗುತ್ತದೆ, ಹಚ್ಚಿ ಮೂರ್ನಾಲ್ಕು ನಿಮಿಷ ಬಿಟ್ಟು ತೊಳೆದರೆ ಆಯ್ತು.

ಕ್ಲಿಂಡಾಮೈಸಿನ್ ಜೆಲ್ ಎಂಬ ಆಂಟಿಬಯೋಟಿಕ್ ತುಂಬಾ ಮಾರಾಟವಾಗುತ್ತದೆ. ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೇ ಇರಬೇಕು.

ಹೆಜ್ಜೆ 5: ಕಾಯುವುದು

ಒಂದರಿಂದ ನಾಲ್ಕನೇ ವಾರ ಕಷ್ಟದ ಕಾಲ. ಚರ್ಮ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಿಗೆ ಮೊಡವೆ ಜಾಸ್ತಿಯಾದಂತೆ ಕಾಣುತ್ತದೆ. ಟ್ಯೂಬ್ ತಂದು ನನ್ನ ಕೌಂಟರ್ ಮೇಲೆ ಇಟ್ಟು ಜಗಳಕ್ಕೆ ನಿಲ್ಲುವುದು ಈ ವಾರಗಳಲ್ಲೇ. ಉರಿ ತೀರಾ ಆದರೆ ಎರಡು ದಿನ ಬಿಟ್ಟು, ಆಮೇಲೆ ವಾರಕ್ಕೆ ಎರಡು ಸಲದಿಂದ ಮತ್ತೆ ಶುರು ಮಾಡಿ. ಮುಖ ಊದಿಕೊಂಡರೆ, ನೀರ್ಗುಳ್ಳೆ ಎದ್ದರೆ ಮಾತ್ರ ಪೂರ್ತಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆರರಿಂದ ಎಂಟನೇ ವಾರಕ್ಕೆ ಹೊಸ ಗುಳ್ಳೆ ಕಡಿಮೆಯಾಗಿದ್ದು ಗೊತ್ತಾಗುತ್ತದೆ. 12ನೇ ವಾರಕ್ಕೆ ಬೇರೆಯವರ ಕಣ್ಣಿಗೂ ಕಾಣುತ್ತದೆ. ಕೊಪ್ಪಳದ ಕಡೆಯವರಿಗೆ ನಾನು ಹೇಳುವ ಲೆಕ್ಕ ಹೀಗೆ: ದಸರಾಕ್ಕೆ ಶುರು ಮಾಡಿದರೆ ಗವಿಮಠದ ಜಾತ್ರೆ ತೇರು ಎಳೆಯುವ ಹೊತ್ತಿಗೆ ಕನ್ನಡಿ ನೋಡಿ.

ದಿನಾ ಕನ್ನಡಿ ನೋಡಿದರೆ ಏನೂ ಬದಲಾಗಿಲ್ಲ ಅನಿಸುತ್ತದೆ. ಅದರ ಬದಲು 15 ದಿನಕ್ಕೊಮ್ಮೆ ಅದೇ ಕಿಟಕಿ ಬಳಿ, ಅದೇ ಬೆಳಕಿಗೆ ಫೋಟೋ ತೆಗೆದಿಡಿ. ಮುಖ ಚೆನ್ನಾಗಾಯ್ತು ಎಂದು ಅಡಾಪಲೀನ್ ಒಮ್ಮೆಲೇ ಬಿಟ್ಟರೆ ಹೂಳು ಮತ್ತೆ ಕಟ್ಟುತ್ತದೆ. ಎಷ್ಟು ದಿನ ಮುಂದುವರಿಸಬೇಕು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ.

ಗುಳ್ಳೆ ಹಿಸುಕಬೇಡಿ. ಒಳಗಿನ ಕೀವು ಆಳಕ್ಕೆ ಇಳಿದು ಗುಳಿಯಾಗುತ್ತದೆ.

ಬಿಸಿಲು, ಊಟ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಡವೆ ಒಣಗಿದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಇನ್ನೂ ಕಪ್ಪಾಗುತ್ತದೆ. ಜೆಲ್ ರೂಪದ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬೆಳಗ್ಗೆ ಹಚ್ಚಿ, ಹೊರಗೇ ಇರುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಲೆಗೂ ಗುಳಿಗೂ ವ್ಯತ್ಯಾಸ ಇದೆ. ಬೆರಳಾಡಿಸಿದರೆ ಸಮತಟ್ಟಾಗಿದ್ದರೆ ಅದು ಕಲೆ, ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ತಗ್ಗಿದ್ದರೆ ಅದು ಗುಳಿ. ಮೊಡವೆ ಪೂರ್ತಿ ನಿಂತ ಮೇಲೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಲೇಸರ್‌ನಂಥ ಚಿಕಿತ್ಸೆ ಅದಕ್ಕೆ ಬೇಕು.

ಇನ್ನು ಊಟ. ವಗ್ಗರಣಿ, ಮಿರ್ಚಿ ತಿಂದರೆ ಮೊಡವೆ ಬರುತ್ತವೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಖಾರದಿಂದ ಮೊಡವೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ರಕ್ತದಲ್ಲಿ ಸಕ್ಕರೆ ಬೇಗ ಏರಿಸುವ ಸಿಹಿ, ಮೈದಾ, ತಂಪು ಪಾನೀಯ ಕೆಲವರಿಗೆ ಹೆಚ್ಚು ಮಾಡುತ್ತವೆ. ಜಿಮ್ಮಿಗೆ ಹೋಗುವ ಹುಡುಗರ ವೇ ಪ್ರೋಟೀನ್ ಪುಡಿಯೂ ಅಷ್ಟೇ. ರೊಟ್ಟಿ, ಪಲ್ಯ, ಬೇಳೆ ತಿನ್ನುವ ಮನೆಯಲ್ಲಿ ಹೊಸ ಪಥ್ಯ ಬೇಕಿಲ್ಲ. ಮೊಡವೆ ಎದ್ದ ಮಗುವಿನ ತಟ್ಟೆಯಿಂದ ಒಂದೊಂದನ್ನೇ ಕಿತ್ತುಕೊಳ್ಳಬೇಡಿ.

ಹೆಜ್ಜೆ 6: ಡಾಕ್ಟರ್ ಹತ್ತಿರ

12 ವಾರ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ, ಗುಳಿ ಬೀಳಲು ಶುರುವಾಗಿದ್ದರೆ, ಗಂಟು ಮೊಡವೆ ಇದ್ದರೆ ಮಾತ್ರೆ ಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪುತ್ತಿದ್ದು, ಗಲ್ಲದ ಮೇಲೆ ಗಡುಸು ಕೂದಲು ಬರುತ್ತಿದ್ದು, ದವಡೆ ಸುತ್ತ ಮೊಡವೆ ಇದ್ದರೆ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರಬಹುದು. ಅದನ್ನ ನಾಚಿಕೊಳ್ಳದೆ ಹೇಳಿ. ಮಗ, ಮಗಳು ಮುಖಕ್ಕೆ ಹೆದರಿ ಕಾಲೇಜು ಬಿಡುತ್ತಿದ್ದರೆ, ಊಟ ಬಿಟ್ಟು ಕೋಣೆ ಸೇರುತ್ತಿದ್ದರೆ ಅದೂ ಡಾಕ್ಟರಿಗೆ ತೋರಿಸಲು ಸಾಕಷ್ಟು ಕಾರಣ. "ಲಗ್ನ ಆದ್ರ ಹೋಗ್ತಾವ ಬಿಡು" ಅನ್ನಬೇಡಿ.

ಡಾಕ್ಟರ್ ಡಾಕ್ಸಿಸೈಕ್ಲಿನ್ ಕೊಟ್ಟರೆ ಒಂದು ಲೋಟ ತುಂಬಾ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಮುಖ ಬೇಗ ಸುಡುತ್ತದೆ, ಎಚ್ಚರ. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ, ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ಕೇಳಬೇಡಿ. ಗಂಟು ಮೊಡವೆಗೆ ಐಸೋಟ್ರೆಟಿನಾಯಿನ್ ಬಲವಾದ ಮಾತ್ರೆ. ತುಟಿ ಒಣಗಿ ಬಿರಿಯುತ್ತದೆ, ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು: ನುಂಗುವಾಗ ಗರ್ಭ ನಿಂತರೆ ಮಗುವಿಗೆ ಗಂಭೀರ ಅಂಗದೋಷ ಆಗಬಹುದು. ಮಾತ್ರೆ ನಿಂತ ಮೇಲೂ ಒಂದು ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಲೇಬೇಕು. ಗೆಳತಿಯ ಮಾತ್ರೆ ಹಂಚಿಕೊಂಡು ನುಂಗುವುದಂತೂ ಬೇಡವೇ ಬೇಡ.

ದುಡ್ಡಿಗೆ ಹೆದರಿ ತಡ ಮಾಡಬೇಡಿ. ಬಳ್ಳಾರಿಯಲ್ಲಿ ನಾವು ಈಗಲೂ ವಿಮ್ಸ್ ಅನ್ನುವ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಬೆಳಗ್ಗೆ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಚರ್ಮರೋಗ ವಿಭಾಗ ಕೇಳಿ. ಆ ದಿನ ಮುಖಕ್ಕೆ ಪೌಡರ್, ಕ್ರೀಮ್ ಹಚ್ಚದೆ ಹೋಗಿ. ಫೋನಿನಲ್ಲಿ ತೆಗೆದಿಟ್ಟ ಫೋಟೋ ತೋರಿಸಿ. ಇಷ್ಟು ದಿನ ಹಚ್ಚಿದ ಟ್ಯೂಬ್, ನುಂಗಿದ ಮಾತ್ರೆಯ ಹಾಳೆ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ. ಖಾಲಿಯಾಗಿದ್ದರೂ, ಬೈಯುತ್ತಾರೆ ಅನಿಸಿದರೂ, ಆ ಬೆಳ್ಳಗಾಗುವ ಟ್ಯೂಬನ್ನೂ ಮೇಜಿನ ಮೇಲೆ ಇಡಿ.